ಹಡಗಿನಲ್ಲಿ ಓದಿದ ಫಾತಿಹಾ

ದಾವಣಗೆರೆಯ ಮಂಡಕ್ಕಿ ಭಟ್ಟಿಗಳ ಓಣಿಯಲ್ಲಿ ಹುಟ್ಟಿ ಬೆಳೆದವನಿಗೆ ಸಮುದ್ರದ ಸಹವಾಸ ಯಾಕೆ ಬೇಕಿತ್ತು ಅಂತ ಓಣಿಯೆಲ್ಲ ನಕ್ಕಿತ್ತು. ತಾರಿಕ್ ಕಿವಿಗೆ ಹಾಕಿಕೊಳ್ಳಲಿಲ್ಲ. ಕುಲಾಂತರಿ ಬೆಳೆಗಳ ವಿರುದ್ಧ ಪ್ರಚಾರ ಮಾಡುತ್ತ ಊರೂರಿನ ಬಂದರು ಸುತ್ತುವ ಹಡಗಿನಲ್ಲಿ ಅಡುಗೆಯವನಾದ. ಉಳಿದವರು ಬೀಜ, ಕಂಪನಿ ಅಂತ ವಾದಕ್ಕೆ ಕೂತರೆ ಇವನು ಪಾತ್ರೆ ತೊಳೆಯುವ ಸರದಿ ತಪ್ಪಿಸಿದವರನ್ನು ಹುಡುಕುತ್ತಿದ್ದ. ಕ್ಯಾಪ್ಟನ್ನಮ್ಮನಿಗೂ ವಿನಾಯಿತಿ ಇರಲಿಲ್ಲ. ಅಪ್ಪ ಬುಡನ್ ಸಾಬ್ ಕಟ್ಟಿಕೊಟ್ಟ ಮಂಡಕ್ಕಿ ಚೀಲ ಒಲೆಯ ಪಕ್ಕದಲ್ಲೇ ಇತ್ತು. ಸಮುದ್ರದ ಗಾಳಿಗೆ ಮೆತ್ತಗಾಗಿದ್ದರೂ ಒಗ್ಗರಣೆ ಬಿದ್ದರೆ ಹಡಗಿಗೆ ಹಡಗೇ ತಟ್ಟೆ ಹಿಡಿದು ನಿಲ್ಲುತ್ತಿತ್ತು.

ಕುಲಾಂತರಿ ಮೆಕ್ಕೆಜೋಳ ಹೊತ್ತ ಹಡಗೊಂದನ್ನು ತಡೆಯಲು ಹೊರಟ ಬೆಳಿಗ್ಗೆ, ಗುಟ್ಟು ಬಯಲಾಗದಿರಲಿ ಅಂತ ಕ್ಯಾಪ್ಟನ್ ಎಲ್ಲರ ಫೋನು ಇಸಿದುಕೊಳ್ಳುತ್ತಿದ್ದಳು. ಅಷ್ಟರಲ್ಲಿ ಹರಿಹರದಿಂದ ಭಾವ ಮುಜಾಹಿದನ ಮೆಸೇಜು ಬಂತು: 'ಅಬ್ಬಾಗೆ ಸ್ವಲ್ಪ ಹುಷಾರಿಲ್ಲ. ನಮ್ಮನೇಲೇ ಅದಾರೆ. ಜಲ್ದಿ ಬಾ.'

ತಾರಿಕ್ ಅದನ್ನು ಇಂಜಿನ್ ರೂಮಿನ ಬಸವಪ್ರಭುವಿಗೆ ತೋರಿಸಿದ. ಅವನು ಹರಿಹರದವನೇ. ಓದುತ್ತಲೇ ಅವನ ಮುಖ ಬಿಳಿಚಿಕೊಂಡಿತು. ದೂರದಲ್ಲಿರುವ ಮಗನಿಗೆ ಸಾವಿನ ಸುದ್ದಿಯನ್ನು ನೇರವಾಗಿ ಹೇಳುವ ಪದ್ಧತಿ ನಮ್ಮ ಕಡೆ ಎಲ್ಲಿದೆ? ಹುಷಾರಿಲ್ಲ, ಬಾ ಅನ್ನುತ್ತಾರೆ. ಬಂದವನು ಮನೆ ಮುಂದಿನ ಶಾಮಿಯಾನ ನೋಡಿ ತಿಳಿದುಕೊಳ್ಳಬೇಕು.

'ನಮ್ಮಪ್ಪ ಹೋದಾಗ್ಲೂ ನಂಗೆ ಹಿಂಗೇ ಹೇಳಿದ್ರು ಕಣಪ್ಪ' ಎಂದ ಬಸವಪ್ರಭು. 'ಒಂದ್ಸಲ ಫೋನ್ ಮಾಡಿ ಕೇಳಿಬಿಡು.'

'ಬ್ಯಾಡ. ಅಕ್ಕ ಅಳೋದು ಕೇಳೋಕೆ ನನ್ನ ಕೈಲಿ ಆಗಲ್ಲ. ಇವತ್ತೇ ಮಣ್ಣು ಮಾಡ್ತಾರೆ. ಹೋದ್ರೂ ಮುಖ ನೋಡೋಕೆ ಸಿಗಲ್ಲ.'

ಕ್ಯಾಪ್ಟನ್ ದೋಣಿಯಲ್ಲಿ ದಡಕ್ಕೆ ಬಿಡಿಸುತ್ತೇನೆ ಅಂದಳು. ಅದಕ್ಕೂ ಬೇಡವೆಂದು ತನ್ನ ಫೋನನ್ನು ಅವಳ ಕೈಗಿಟ್ಟ. ಉಳಿದಿದ್ದ ಮಂಡಕ್ಕಿಯನ್ನೆಲ್ಲ ಒಗ್ಗರಣೆ ಹಾಕಿ ಮುಂದಿಟ್ಟುಕೊಂಡು ಸತ್ತವರಿಗಾಗಿ ಓದುವ ಫಾತಿಹಾವನ್ನು ಅಪ್ಪನ ಹೆಸರಲ್ಲಿ ಓದಿದ. ಕಣ್ಣೀರು ಒರೆಸಿಕೊಂಡು ಎಲ್ಲರಿಗೂ ಹಂಚಿದ. ಅವತ್ತು ಯಾರೂ ಹೇಳಿಸಿಕೊಳ್ಳದೆ ಪಾತ್ರೆ ತೊಳೆದರು.

ಆಮೇಲೆ ಕೆಲಸವೋ ಕೆಲಸ. ದೋಣಿಗಳಲ್ಲಿ ತೊಯ್ದು ನಡುಗುತ್ತ ಬಂದವರಿಗೆ ಹೊತ್ತುಗೊತ್ತಿಲ್ಲದೆ ಚಹಾ, ಗಂಜಿ ಕೊಟ್ಟ. ವಾರ ಕಳೆಯುವ ಹೊತ್ತಿಗೆ ಜೋಳದ ಹಡಗು ಬಂದ ದಾರಿಗೆ ಸುಂಕವಿಲ್ಲವೆಂದು ತಿರುಗಿತು. ಎಲ್ಲರೂ ಕುಣಿದರು, ಅವನನ್ನೂ ಎತ್ತಿ ಕುಣಿಸಿದರು. ಕ್ಯಾಪ್ಟನ್ ಫೋನು ವಾಪಸು ಕೊಟ್ಟಳು.

ಭಾವನ ಮೆಸೇಜುಗಳು ಒಂದರ ಹಿಂದೊಂದು ಬಿದ್ದವು. ಮೊದಲನೆಯದು ವಿಡಿಯೋ. ಹೊರಟ ದಿನದ ಮರುದಿನದ್ದು. ಹರಿಹರದ ಮನೆಯ ಮಂಚದ ಮೇಲೆ ಬುಡನ್ ಸಾಬ್ ದಿಂಬಿಗೆ ಒರಗಿ ಕೂತಿದ್ದರು. ದನಿ ಸೋತಿತ್ತು, ಗದರುವುದು ಬಿಟ್ಟಿರಲಿಲ್ಲ.

'ಏ ತಾರಿಕ್, ಮಂಡಕ್ಕಿ ಮೆತ್ತಗಾಯ್ತೇನೋ? ಬಾ, ಹೊಸದು ಕಟ್ಟಿಕೊಡ್ತೀನಿ.'

ಇನ್ನೊಂದರಲ್ಲಿ ಅಕ್ಕ ಸನೋಬರ್‌ಗೆ ಹೇಳುತ್ತಿದ್ದರು: 'ಚಿಲಕ ಹಾಕಬ್ಯಾಡಮ್ಮ. ಹುಡುಗ ಬರ್ತಾನೆ.'

ತಾರಿಕ್ ಬಸವಪ್ರಭುವಿನ ತೋಳು ಹಿಡಿದುಕೊಂಡ. 'ಬದುಕಿದ್ರು ಕಣೋ. ನಾನು ಫಾತಿಹಾ ಓದುವಾಗ ಅಬ್ಬಾ ಬದುಕಿದ್ರು.'

ಕೊನೆಯ ಮೆಸೇಜು ಅಂದಿನ ಬೆಳಿಗ್ಗೆಯದು. ಅದರಲ್ಲಿ ವಿಡಿಯೋ ಇರಲಿಲ್ಲ. 'ಅಬ್ಬಾಗೆ ಸ್ವಲ್ಪ ಹುಷಾರಿಲ್ಲ. ಜಲ್ದಿ ಬಾ.'

ಈ ಸಲ ತಾರಿಕ್ ಫೋನ್ ಮಾಡಿದ. ಆ ಕಡೆಯಿಂದ ಅಕ್ಕನ ಅಳು ಕೇಳಿಸಿತು.