ಮೂರನೇ ಮಹಡಿಯ ಜಗಳ

ದೇವರು ಮನುಷ್ಯನನ್ನು ಮಣ್ಣಿನಲ್ಲಿ ರೂಪಿಸುವಾಗ ಹೊಟ್ಟೆಯನ್ನು ಮೊದಲು ಮಾಡಿದನೋ ಕಾಲನ್ನು ಮೊದಲು ಮಾಡಿದನೋ ತಿಳಿಯದು. ನಮ್ಮ ದಿಂಬುವಿನ ವಿಷಯದಲ್ಲಂತೂ ಹೊಟ್ಟೆಗೇ ಮಣ್ಣೆಲ್ಲ ಮುಗಿದು, ಉಳಿದ ಚೂರಿನಲ್ಲಿ ಕಾಲು ತಟ್ಟಿದಂತಿತ್ತು.

ಅವನದು ಹಾಸಿಗೆ ಅಂಗಡಿ. ಗಿರಾಕಿ ಬಂದರೆ ತಾನೇ ಮಲಗಿ ತೋರಿಸುತ್ತಿದ್ದ. ಮಲಗುವುದೇ ಕಾಯಕವಾದವನಿಗೆ ಮೈ ಬಗ್ಗಿಸುವುದು ಹೇಗೆ ಒಗ್ಗೀತು? ‘ಇಂದೇ ಎದ್ದೇಳು’ ಎಂದು ಕನ್ನಡಿಗೊಂದು ಚೀಟಿ ಅಂಟಿಸಿದ್ದ. ಅದನ್ನು ಓದಿ ದಣಿದು ಮತ್ತೆ ಮಲಗುತ್ತಿದ್ದ.

ಮನೆ ಮೂರನೇ ಮಹಡಿಯಲ್ಲಿ. ಲಿಫ್ಟು ಕೆಟ್ಟು ತಿಂಗಳುಗಳಾಗಿದ್ದವು. ಅವನ ಅಜ್ಜಿಯ ಮಂಡಿ ಅದಕ್ಕೂ ಮೊದಲೇ ಕೆಟ್ಟಿತ್ತು. ನೆಲಮಹಡಿಯಲ್ಲಿ ಅಜ್ಜಿಯ ಜೀವದ ಗೆಳತಿ, ಹಳೆಯ ಸೂಲಗಿತ್ತಿ. ಇಬ್ಬರಿಗೂ ಲಾಗಾಯ್ತಿನಿಂದ ಒಂದೇ ಜಗಳ: ದಿಂಬು ಹುಟ್ಟಿದ ದಿನ ರಕ್ತ ಕಂಡು ಮೂರ್ಛೆ ಹೋದವರು ಯಾರು? ಅವಳು ಇವಳೆನ್ನುವಳು, ಇವಳು ಅವಳೆನ್ನುವಳು. ಈಗ ಸೂಲಗಿತ್ತಿಯ ಕಣ್ಣು ಮಂಜಾಗುತ್ತಿದೆ ಎಂಬ ಸುದ್ದಿ ಬಂತು.

“ನನ್ನ ಕೆಳಗೆ ಹೊತ್ಕೊಂಡು ಹೋಗೋ,” ಎಂದಳು ಅಜ್ಜಿ. “ಅವಳಿಗೆ ನನ್ನ ಮುಖ ಕಾಣೋವಾಗ್ಲೇ ಗೆಲ್ಲಬೇಕು. ಕಣ್ಣು ಕಾಣದೋಳ ಹತ್ರ ಜಗಳ ಆಡೋದು ಪಾಪ.”

“ಫೋನ್ ಹಚ್ಚಿಕೊಡ್ಲಾ ಅಜ್ಜಿ?”

“ಸೋಲೋ ಹೊತ್ತಿಗೆ ಪಟ್ ಅಂತ ಇಟ್ಬಿಡ್ತಾಳೆ.”

“ಸೋಮವಾರದಿಂದ ವ್ಯಾಯಾಮ ಶುರು ಮಾಡ್ತೀನಿ. ಮೈಗೆ ಕಸುವು ಬರ್ಲಿ, ಆಮೇಲೆ...”

“ಸೋಮವಾರ ವಾರವಾರ ಬರುತ್ತೆ ಕಣೋ, ನಾನು ಹೋಗೋದು ಒಂದೇ ಸಲ. ಸತ್ತ ಮೇಲೆ ನಾಲ್ಕು ಜನ ಹೊರ್ತಾರೆ. ಬದುಕಿದ್ದಾಗ ಒಬ್ಬ ಹೊರೋಕಾಗಲ್ವಾ?”

ಅಡುಗೆಮನೆಯಿಂದ ದಿಂಬುವಿನ ಹೆಂಡತಿ, “ನೋಡ್ಕೊಂಡು ಹತ್ತಿ ಅಜ್ಜಿ. ಅವರನ್ನ ಎಬ್ಬಿಸೋಕೇ ದಿನಾ ಇಬ್ಬರು ಬೇಕು,” ಎಂದಳು.

ದಿಂಬು ಅಜ್ಜಿಯನ್ನು ಉಪ್ಪುಮೂಟೆ ಮಾಡಿಕೊಂಡು ಇಳಿದ. ಮೊದಲ ತಿರುವಿಗೇ ಏದುಸಿರು. ಅವಳನ್ನು ಮೆಟ್ಟಿಲ ಮೇಲೆ ಕೂರಿಸಿ ತಾನೂ ಕುಸಿದ.

“ಆಗಲ್ಲ ಅಜ್ಜಿ. ನಾನು ಯಾತಕ್ಕೂ ಬಾರದೋನು.” ಕಣ್ಣು ತುಂಬಿತು.

“ಅಳೋಕೆ ಉಸಿರಿದೆಯಲ್ಲ, ಸಾಕು ಬಿಡು. ನೆಲ ಎಲ್ಲಿಗಾದ್ರೂ ಓಡಿಹೋಗುತ್ತಾ? ಇವತ್ತು ಇಲ್ಲಿಗೆ ಬಂದ್ವಿ.” ಹೀಗೆಂದವಳೇ ಮೆಟ್ಟಿಲ ಕಟಕಟೆ ಹಿಡಿದು ಕೆಳಕ್ಕೆ ಕೂಗಿದಳು: “ಏ ಸುಳ್ಳಿ! ಬಿದ್ದೋಳು ನೀನೇ!”

ಕೆಳಗೆ ಬಾಗಿಲು ಕಿರುಗುಟ್ಟಿತು. “ನಿನ್ನ ಮುಖಕ್ಕೆ ನೀರು ಎರಚಿದ್ದು ಯಾರೇ ಹಾಗಾದ್ರೆ? ನಿಮ್ಮಪ್ಪನಾ?”

ಅಜ್ಜಿ ಬಾಯಿ ತೆರೆದಳು. ಕೆಮ್ಮು ಒತ್ತರಿಸಿ ಬಂದು, ಉತ್ತರ ನಾಳೆಗೆ ಉಳಿಯಿತು.

ಮರುದಿನ ದಿಂಬು ಯಾರೂ ಎಬ್ಬಿಸದೆ ಎದ್ದ. ಸಂಕಲ್ಪಬಲ ಎನ್ನಲಾರೆ, ಅಜ್ಜಿಯ ಉತ್ತರ ಕೇಳದೆ ಅವನಿಗೆ ನಿದ್ದೆ ಹತ್ತಿರಲಿಲ್ಲ. ಭಗವಂತ ಕೆಲವರನ್ನು ಜ್ಞಾನದಿಂದ ಎಬ್ಬಿಸುತ್ತಾನೆ, ಕೆಲವರನ್ನು ಭಕ್ತಿಯಿಂದ. ದಿಂಬುವಿನಂಥವರಿಗೆ ಕಿವಿಯ ಚಪಲವೇ ಸಾಕು. ದಿನವೂ ಅಜ್ಜಿಯನ್ನು ಇಳಿಸಿದ, ಹತ್ತಿಸಿದ. ಒಂದು ದಿನ ತಿರುವು ದಾಟಿದ. ಇನ್ನೊಂದು ದಿನ ಕಾಲು ಉಳುಕಿ ಎರಡೇ ಮೆಟ್ಟಿಲಿಗೆ ಕೂತ. ಆಗ ಅವನು ಅಳಲಿಲ್ಲ. ಜಗಳ ಅಲ್ಲಿಂದಲೇ ನಡೆಯಿತು.

ಕೊನೆಗೊಂದು ಬೆಳಗ್ಗೆ ಮೊದಲನೇ ಮಹಡಿ ದಾಟಿ ಇಳಿಯುತ್ತಿದ್ದಾಗ, ನಡುಮೆಟ್ಟಿಲ ಮೇಲೆ ಸೂಲಗಿತ್ತಿ ಕೂತಿದ್ದಳು. ತೆವಳಿಕೊಂಡೇ ಹತ್ತಿ ಬಂದಿದ್ದಳು. ದಿಂಬು ಅಜ್ಜಿಯನ್ನು ಅವಳ ಪಕ್ಕದಲ್ಲಿ ಇಳಿಸಿದ. ಸೂಲಗಿತ್ತಿ ಕಣ್ಣು ಕಿರಿದುಮಾಡಿ ನೋಡಿ, ಸಾಲದೆ ಅಜ್ಜಿಯ ಕೆನ್ನೆ ಸವರಿದಳು.

“ಸೊರಗಿದ್ದೀಯಲ್ಲೇ.”

“ಬಿದ್ದಿದ್ದು ಯಾರು? ಮೊದಲು ಅದು ಹೇಳು.”

“ಇಬ್ಬರೂ ಬಿದ್ವಿ ಕಣೆ. ಇವನ್ನ ಹೆತ್ತೋಳೇ ಎದ್ದು ನಮ್ಮಿಬ್ಬರಿಗೂ ನೀರು ಎರಚಿದ್ಳು.”

ಅಜ್ಜಿ ತಡೆದೂ ತಡೆದೂ ಕೊನೆಗೆ ನಕ್ಕುಬಿಟ್ಟಳು. ಇಬ್ಬರೂ ಸೆರಗಿನಲ್ಲಿ ಕಣ್ಣೊರೆಸಿಕೊಂಡರು.

“ಮಗಾ, ಈಗ ನನ್ನ ಕೆಳಗೆ ಬಿಡು,” ಎಂದಳು ಸೂಲಗಿತ್ತಿ. “ಹತ್ತೋದೇನೋ ಹತ್ತಿದೆ, ಇಳಿಯೋಕಾಗ್ತಿಲ್ಲ.”

“ಮೊದಲು ನನ್ನ ಮೇಲಕ್ಕೆ! ಮೊಮ್ಮಗ ನನ್ನೋನು.”

“ಹೊಟ್ಟೆಯಿಂದ ಈಚೆಗೆ ಎಳೆದೋಳು ನಾನು!”

ದಿಂಬು ಇಬ್ಬರಿಗೂ ಬೆನ್ನು ಕೊಟ್ಟು ಕುಕ್ಕರುಗಾಲಲ್ಲಿ ಕೂತ, ಗೆದ್ದವರು ಹತ್ತಲಿ ಎಂದು.