ಆರು ಗಂಟೆಗೆ ಬಂದು ನೋಡಿ

ಯಲಹಂಕ ಹಳೇ ಊರಿನ ಸಮುದಾಯ ಭವನದ ಮಹಡಿಯಲ್ಲಿರುವ ಆ ಒಂದು ಕೋಣೆಗಾಗಿ ರುಖ್ಸಾರ್ ಯಾರ ಕಾಲನ್ನೂ ಹಿಡಿದವಳಲ್ಲ, ಹಿಡಿಯುವವಳೂ ಅಲ್ಲ. ಸೋಲದೇವನಹಳ್ಳಿಯ ಕಾಲೇಜೊಂದರಲ್ಲಿ ಕಂಪ್ಯೂಟರ್ ಕಲಿಸುತ್ತಿದ್ದವಳು ಕೆಲಸ ಬಿಟ್ಟ ಮೇಲೆ ಇಲ್ಲಿ ಹೆಂಗಸರಿಗೆ ಪಾಠ ಶುರುಮಾಡಿದ್ದಳು. ಯಾವುದೋ ಕಚೇರಿಯವರು ಬೇಡವೆಂದು ಕೊಟ್ಟ ಹಳೆಯ ಕಂಪ್ಯೂಟರುಗಳೇ ಅವಳ ಆಸ್ತಿ. ಆ ಆಸ್ತಿಯನ್ನೇ ಭವನದ ಸಮಿತಿಯ ಅಧ್ಯಕ್ಷ ಮುನಿಯಲ್ಲಪ್ಪನವರು ಗುಜರಿ ಅನ್ನುತ್ತಿದ್ದರು.

ಅವರಿಗೆ ಆ ಕೋಣೆ ಬೇಕಾಗಿತ್ತು, ಮದುವೆಯ ಕುರ್ಚಿ ಪಾತ್ರೆಗಳನ್ನು ತುಂಬಿಡುವುದಕ್ಕೆ. ಮಧ್ಯಾಹ್ನ ಊಟ ಮುಗಿಸಿ ಈ ಕಡೆ ಬಂದಾಗಲೆಲ್ಲ ಕೋಣೆಗೆ ಬೀಗ ಕಾಣುತ್ತಿತ್ತು. ಅಷ್ಟು ಸಾಕಾಯಿತು. "ಶನಿವಾರ ಬೆಳಿಗ್ಗೆ ಸಮಿತಿ ಪರವಾಗಿ ನಾನೇ ಬತ್ತೀನಿ. ನಿನ್ ಡಬ್ಬಗಳು ಓಡಿದ್ರೆ ಸರಿ. ಇಲ್ದಿದ್ರೆ ರೂಮ್ ಖಾಲಿ ಮಾಡ್ಬೇಕು," ಎಂದು ಹೇಳಿ ಹೋಗಿದ್ದರು.

ಡಬ್ಬಗಳು ತೆವಳುತ್ತಿದ್ದದ್ದು ನಿಜವೇ. ಅದಕ್ಕೆ ರುಖ್ಸಾರ್ ಕಂಪ್ಯೂಟರ್ ನಡೆಸಲು ಪುಕ್ಕಟೆ ಸಿಗುವ ಲಿನಕ್ಸ್ ವ್ಯವಸ್ಥೆಯನ್ನು ಹಾಕಿದ್ದಳು. ಅದೂ ಭಾರವೆನಿಸಿದಾಗ ಕರ್ನಲ್ಲನ್ನೇ ಹೊಸದಾಗಿ ಕಟ್ಟಿದಳು. ಕರ್ನಲ್ ಅಂದರೆ ಕಂಪ್ಯೂಟರ್ ಎದ್ದೊಡನೆ ಮನೆಯ ಹಿರಿಯಳಂತೆ ಎಲ್ಲರಿಗೂ ಕೆಲಸ ಹಂಚುವ ತಿರುಳು. ಅದರಲ್ಲಿ ಲೋಕದ ಎಲ್ಲ ಯಂತ್ರಗಳಿಗೂ ಬೇಕಾದ ಸರಂಜಾಮು ತುಂಬಿರುತ್ತದೆ. ಈ ಯಂತ್ರಕ್ಕೆ ಬೇಕಾದ್ದನ್ನು ಮಾತ್ರ ಉಳಿಸಿಕೊಂಡರೆ ಮೈ ಹಗುರ. ದಾನಕ್ಕೆ ಬಂದ ಯಂತ್ರವನ್ನು ಮೊದಲು ಪೆನ್‌ಡ್ರೈವಿನಿಂದಲೇ ಎಬ್ಬಿಸಿ ನೋಡುವುದು ಅವಳ ಪದ್ಧತಿ. ಹೊಸದಾಗಿ ಬಂದ ಒಂದನ್ನು ಹಾಗೆ ಎಬ್ಬಿಸಿದ್ದಾಗಲೇ, ಆ ಹೊತ್ತಿನಲ್ಲಿ ಬಳಕೆಯಲ್ಲಿದ್ದುದನ್ನಷ್ಟೇ ಉಳಿಸಿ ಮಿಕ್ಕಿದ್ದನ್ನು ಕಿತ್ತುಹಾಕು ಎಂದು ಆಜ್ಞೆ ಕೊಟ್ಟಿದ್ದಳು. ಶುಕ್ರವಾರ ಸಂಜೆ ಹೊಸ ಕರ್ನಲ್ಲನ್ನು ಎಲ್ಲದಕ್ಕೂ ಹಾಕಿ, ಜಾಗ ಉಳಿಯಲಿ ಎಂದು ಹಳೆಯದನ್ನು ಅಳಿಸಿದಳು. ಎಬ್ಬಿಸಿ ನೋಡುವಷ್ಟರಲ್ಲಿ ಕರೆಂಟ್ ಹೋಯಿತು. ಬೆಳಿಗ್ಗೆ ನೋಡಿಕೊಂಡರಾಯಿತು ಎಂದು ಬೀಗ ಹಾಕಿದಳು. ಆತುರಗಾರನಿಗೆ ಬುದ್ಧಿ ಮಟ್ಟ ಅನ್ನುತ್ತಾರೆ. ಆತುರಗಾರ್ತಿಗೂ ಅಷ್ಟೇ.

ಶನಿವಾರ ಮುನಿಯಲ್ಲಪ್ಪನವರು ಬಂದರು. ಬರುವಾಗಲೇ ಗುಜರಿಯವನ ಆಟೋವನ್ನೂ ಕರೆತಂದು ಕೆಳಗೆ ನಿಲ್ಲಿಸಿದ್ದರು. ರುಖ್ಸಾರ್ ಮೊದಲ ಯಂತ್ರದ ಗುಂಡಿ ಒತ್ತಿದಳು. ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರಗಳು ಸರಸರನೆ ಓಡಿ ಗಕ್ಕನೆ ನಿಂತವು. ಎರಡನೆಯದೂ ಹಾಗೇ ಆಯಿತು. ಮೂರನೆಯದೂ ಅಲ್ಲೇ ನಿಂತಿತು.

"ಏನಮ್ಮಾ, ಇಂಗ್ ನಿಂತೋಯ್ತು?"

"ಕರ್ನಲ್ ಪ್ಯಾನಿಕ್ ಅಂತಿದೆ ಅಣ್ಣ. ಗಾಬರಿಯಾಗಿದೆ."

"ಅದಕ್ಕಾ, ನಿನಗಾ?" ಎಂದು ನಕ್ಕು ಅವರು ಕಿಟಕಿಯಿಂದ ಗುಜರಿಯವನಿಗೆ ಕೈ ಬೀಸಿದರು.

ರುಖ್ಸಾರಳಿಗೆ ಸಿಟ್ಟು ನೆತ್ತಿಗೇರಿತು. "ವನಿತಾ, ಬಾಗಿಲಲ್ಲಿ ನಿಂತ್ಕೊ. ಯಾರೂ ಒಂದು ವೈರೂ ಮುಟ್ಟಕೂಡದು."

ವನಿತಾ ಅವಳ ಶಿಷ್ಯೆ. ರಾಜಾನುಕುಂಟೆ ಕಡೆಯವಳು, ರವಿಕೆ ಹೊಲಿಯುವ ಅಂಗಡಿ ಇಟ್ಟವಳು. ಹೊಸಿಲ ಮೇಲೆ ಎರಡೂ ಕೈ ಚಾಚಿ ನಿಂತೇಬಿಟ್ಟಳು. ಮೆಟ್ಟಿಲು ಹತ್ತಿ ಬಂದ ಗುಜರಿಯವನು ಅವಳ ಮುಖ ನೋಡಿ ಎರಡು ಮೆಟ್ಟಿಲು ಕೆಳಗಿಳಿದ.

"ಕುಣಿಯಲಾರದೋಳು ನೆಲ ಡೊಂಕು ಅಂದ್ಲಂತೆ. ಯಂತ್ರನೇ ಸತ್ತೈತೆ ಅಂತೀಯಾ ಈಗ?" ಅಂದರು ಮುನಿಯಲ್ಲಪ್ಪನವರು.

"ಇಲ್ಲಣ್ಣ. ನೆಲ ಸರಿಯಾಗೇ ಇದೆ. ನನ್ನ ಕುಣಿತಾನೇ ಎಲ್ಲೋ ತಪ್ಪಿದೆ. ಕೂತ್ಕೊಳ್ಳಿ, ಹುಡುಕ್ತೀನಿ."

ಅವಳು ಪರದೆಯ ಅಕ್ಷರಗಳನ್ನು ಕೆಳಗಿನಿಂದ ಮೇಲಕ್ಕೆ ಓದತೊಡಗಿದಳು. ಕೊನೆಯ ಸಾಲು ಬರೀ ಬೊಬ್ಬೆ; ಕಾರಣ ಅದರ ಮೇಲಿನ ಸಾಲುಗಳಲ್ಲಿತ್ತು. ಡಿಸ್ಕು ಕಂಡಿದೆ ಎಂದು ಕರ್ನಲ್ಲೇ ಬರೆದಿತ್ತು, ಅದರ ಅಳತೆಯನ್ನೂ ಹೇಳಿತ್ತು. ಆದರೆ ಅದನ್ನು ತೆರೆಯಲಾಗಲಿಲ್ಲ ಎಂದೂ ಹೇಳಿತ್ತು. ಡಿಸ್ಕು ಸತ್ತಿಲ್ಲ, ವೈರೂ ಸಡಿಲವಾಗಿಲ್ಲ. ಹಾಗಾದರೆ ಕಂಡದ್ದನ್ನು ಓದಲು ಯಾಕೆ ಬರಲಿಲ್ಲ? ಬಸ್ಸಿನ ಬೋರ್ಡು ಕಂಡರೂ ಅಕ್ಷರ ಬಾರದವರ ಹಾಗಾಯಿತಲ್ಲ!

ಅಕ್ಷರ. ಅವಳು ಲ್ಯಾಪ್‌ಟಾಪಿನಲ್ಲಿ ತನ್ನ ಕರ್ನಲ್ಲಿನ ಆಯ್ಕೆಗಳನ್ನು ತೆರೆದಳು. ಡಿಸ್ಕಿನ ಮೇಲಿನ ಕಡತಗಳನ್ನು ಓದುವ ಭಾಗವೇ ಅದರಲ್ಲಿ ಇರಲಿಲ್ಲ. ಇರುವುದಾದರೂ ಹೇಗೆ? ಆವತ್ತು ಯಂತ್ರ ಎದ್ದದ್ದು ಪೆನ್‌ಡ್ರೈವಿನಿಂದ. ಡಿಸ್ಕನ್ನು ಯಾರೂ ತೆರೆದಿರಲಿಲ್ಲ. ಆ ಹೊತ್ತಿಗೆ ಬಳಕೆಯಲ್ಲಿಲ್ಲ, ಆದ್ದರಿಂದ ಬೇಡ ಎಂದು ಕಂಪ್ಯೂಟರ್ ಆ ಭಾಗವನ್ನು ಕಿತ್ತುಹಾಕಿತ್ತು. ಆಜ್ಞೆ ಕೊಟ್ಟವಳು ಅವಳೇ.

ಅವಳಿಗೆ ನಾಚಿಕೆಯಾಯಿತು. ಮರುಕ್ಷಣ ಮುನಿಯಲ್ಲಪ್ಪನವರ ಕಡೆ ನೋಡಿದಳು, ನಗು ಬಂತು.

"ಯಾಕಮ್ಮಾ ನಗ್ತೀಯಾ?"

"ಹೇಳ್ತೀನಿ ಅಣ್ಣ. ಮೊದಲು ಇದು ಏಳಲಿ."

ಬಿಟ್ಟುಹೋದ ಭಾಗವನ್ನು ಸೇರಿಸಿ ಲ್ಯಾಪ್‌ಟಾಪಿನಲ್ಲೇ ಕರ್ನಲ್ಲನ್ನು ಮತ್ತೆ ಕಟ್ಟಿದಳು. ಅದು ಮುಗಿಯುವ ಹೊತ್ತಿಗೆ ವನಿತಾ ಬಾಗಿಲು ಬಿಡದೆಯೇ ಕೆಳಗಿನ ಅಂಗಡಿಯಿಂದ ಟೀ ತರಿಸಿದ್ದಳು, ಗುಜರಿಯವನಿಗೂ ಸೇರಿಸಿ. ಮೊದಲ ಯಂತ್ರವನ್ನು ಪೆನ್‌ಡ್ರೈವಿನಿಂದ ಎಬ್ಬಿಸಿ, ಅದರ ಡಿಸ್ಕಿಗೆ ಹೊಸ ಕರ್ನಲ್ಲನ್ನು ನಕಲು ಮಾಡಿ, ಪೆನ್‌ಡ್ರೈವ್ ಕಿತ್ತು ಗುಂಡಿ ಒತ್ತಿದಳು. ಅಕ್ಷರಗಳು ಓಡಿದವು. ಮೊದಲು ನಿಂತಿದ್ದ ಜಾಗದಲ್ಲಿ ಈ ಸಲ ನಿಲ್ಲಲಿಲ್ಲ. ಪರದೆ ಬೆಳಗಿತು. ವನಿತಾ ಹೊಸಿಲಲ್ಲೇ ಕೂಗಿದಳು, "ಎದ್ದೋಯ್ತು ಅಕ್ಕ!"

ಒಂದೊಂದಾಗಿ ಉಳಿದವೂ ಎದ್ದವು. ಮುನಿಯಲ್ಲಪ್ಪನವರು ಗಂಟಲು ಸರಿಮಾಡಿಕೊಂಡರು. "ಓಡ್ತವೆ, ಒಪ್ಕೊಂಡೆ. ಆದ್ರೂ ಯಾರೂ ಬರ್ದಿರೋ ರೂಮ್ಗೆ ಇವು ಯಾಕಮ್ಮಾ? ನಾನ್ ಯಾವಾಗ್ ಬಂದ್ರೂ ಬೀಗನೇ ಆಕಿರ್ತದೆ."

"ಅದಕ್ಕೇ ನಕ್ಕಿದ್ದು ಅಣ್ಣ. ನಾನು ನೋಡಿದ ಹೊತ್ತಲ್ಲಿ ಡಿಸ್ಕು ಸುಮ್ಮನಿತ್ತು, ಬೇಡ ಅಂತ ಕಿತ್ತುಹಾಕ್ದೆ. ಕಂಪ್ಯೂಟರೇ ಏಳಲಿಲ್ಲ. ನೀವು ಬರೋದು ಮಧ್ಯಾಹ್ನ. ಇಲ್ಲಿ ಕಲಿಯೋ ಗಾರ್ಮೆಂಟ್ಸ್ ಹೆಂಗಸರು ಆ ಹೊತ್ತಲ್ಲಿ ಫ್ಯಾಕ್ಟರಿಯಲ್ಲಿರ್ತಾರೆ, ರೂಮು ಸುಮ್ಮನಿರುತ್ತೆ. ನೀವೂ ಬೇಡ ಅಂತೀರ. ಇಬ್ಬರದೂ ಒಂದೇ ತಪ್ಪು. ನನ್ನದನ್ನ ನಿಮ್ಮ ಕಣ್ಣೆದುರಿಗೇ ತಿದ್ಕೊಂಡೆ. ಸಂಜೆ ಆರು ಗಂಟೆಗೆ ಬಂದು ನೋಡಿ, ಆಮೇಲೆ ಖಾಲಿ ಮಾಡು ಅನ್ನಿ."

ಮುನಿಯಲ್ಲಪ್ಪನವರು "ಬತ್ತೀನಿ, ನೋಡೇಬಿಡ್ತೀನಿ," ಎಂದು ಮೆಟ್ಟಿಲಿಳಿದು ಹೋದರು. ಗುಜರಿಯವನು ಟೀ ಲೋಟ ಕೆಳಗಿಟ್ಟು, ಯಾರೂ ಹೇಳದೆಯೇ ಆಟೋ ಹತ್ತಿ ಹೊರಟುಹೋದ.

ಆರು ಗಂಟೆಗೆ ಮುನಿಯಲ್ಲಪ್ಪನವರು ಬಂದರು, ಹಟಕ್ಕೇ ಬಂದರು. ಒಂದೊಂದು ಪರದೆಯ ಮುಂದೆ ಇಬ್ಬಿಬ್ಬರು ಹೆಂಗಸರು ಒತ್ತಿಕೊಂಡು ಕೂತಿದ್ದರು, ಮಿಕ್ಕವರು ಗೋಡೆಗೊರಗಿ ಸರದಿ ಕಾಯುತ್ತಿದ್ದರು. ಅಧ್ಯಕ್ಷರು ಬಂದರೆಂದು ಯಾರೂ ತಲೆ ಎತ್ತಲಿಲ್ಲ. ಕೂರಲು ಜಾಗವಿರಲಿಲ್ಲ.

"ಒಂದ್ ಕುರ್ಚಿನಾದ್ರೂ ಇಲ್ವೇನಮ್ಮಾ?"

"ಕೆಳಗಡೆ ನಿಮ್ಮ ಮದುವೆ ಕುರ್ಚಿಗಳು ಸುಮ್ಮನೆ ಬಿದ್ದಿವೆಯಲ್ಲ ಅಣ್ಣ," ಎಂದಳು ರುಖ್ಸಾರ್, ಪರದೆಯಿಂದ ಕಣ್ಣು ತೆಗೆಯದೆ. "ನಿಮಗೊಂದು, ಹಾಗೇ ಇವರಿಗೆ ಇನ್ನೊಂದು ನಾಲ್ಕು ತನ್ನಿ."

ಮುನಿಯಲ್ಲಪ್ಪನವರು ಪಂಚೆ ಎತ್ತಿ ಕಟ್ಟಿ, ಕುರ್ಚಿ ತರಲು ಮೆಟ್ಟಿಲಿಳಿದರು.