ಎಂಟನೆಯ ಡಿಸ್ಕು

ಹದಿನಾಲ್ಕು ಡಿಸ್ಕುಗಳ ಪೆಟ್ಟಿಗೆ ಬಿಚ್ಚಿ ನೋಡಿದರೆ ಏಳನೆಯದು ಎರಡಿತ್ತು, ಎಂಟನೆಯದು ಇರಲೇ ಇಲ್ಲ. ಕನ್ನಡಕ ಒರೆಸಿ ಮತ್ತೆ ನೋಡಿದೆ. ಪೆಟ್ಟಿಗೆಯನ್ನು ತಲೆಕೆಳಗು ಮಾಡಿ ಬಡಿದೆ. ಫೋಟೋ ಪುಸ್ತಕ ಬಿತ್ತು, ಒಂದು ಪೋಸ್ಟರು ಬಿತ್ತು, ಎಂಟು ಬೀಳಲಿಲ್ಲ.

"ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅಂದ್ರೆ ಇದೇ," ಎಂದೆ.

"ಮುನ್ನೂರು ತುತ್ತು ಆಗಲೇ ಒಳಗೆ ಹೋಗಿದೆಯಲ್ಲ," ಎಂದಳು ಹೆಂಡತಿ, ಕಪಾಟಿನ ಕಡೆ ನೋಡಿ.

ಕಪಾಟಿನಲ್ಲಿರುವುದೆಲ್ಲ ಗೊಗ್ಗರನ ಹಾಡು. ಗೊಗ್ಗರ ಎಂದು ಕರೆಯುವುದು ನಾವು, ಅವನ ಅಭಿಮಾನಿಗಳು. ಗಂಟಲಲ್ಲಿ ಜಲ್ಲಿ ತುಂಬಿಕೊಂಡವನ ಹಾಗೆ ಹಾಡುವ ರಾಕ್ ಗಾಯಕ. ಅವನು ವೇದಿಕೆ ಹತ್ತಿದ ಒಂದೊಂದು ಸಂಜೆಯ ರೆಕಾರ್ಡಿಂಗನ್ನೂ ಹುಡುಕಿ ಕೂಡಿಹಾಕುವವರದೊಂದು ಬಳಗವೇ ಇದೆ. ನನ್ನಲ್ಲಿ ಮುನ್ನೂರ ಹನ್ನೆರಡು ಸಂಜೆಗಳಿವೆ. ಹಗಲಿಡೀ ದಂತವೈದ್ಯರಿಗೆ ಹಲ್ಲಿನ ಸೆಟ್ಟು ಮಾಡಿಕೊಡುತ್ತೇನೆ. ಪ್ಲಾಸ್ಟರಿನ ಪುಡಿ ಮೆತ್ತಿದ ಕೈ ತೊಳೆದು ಮನೆಗೆ ಬಂದು ಒಂದು ಸಂಜೆ ಕೇಳುತ್ತೇನೆ. ಇದು ಚಟವಾದರೆ ಚಟ.

ಎಂಟನೆಯ ಡಿಸ್ಕಿನ ಸಂಜೆ ಮಾತ್ರ ಬೇರೆ. ಅವತ್ತು ನಾನು ಅಲ್ಲಿದ್ದೆ. ನನಗೆ ಹತ್ತೊಂಬತ್ತು, ಪಕ್ಕದಲ್ಲಿ ನಿಂತಿದ್ದ ಅಣ್ಣನಿಗೆ ಇಪ್ಪತ್ತೊಂದು. ಗೊಗ್ಗರನ ಗಿಟಾರಿನ ತಂತಿ ಕಡಿದು, ಅವನು ಹೊಸದು ಕಟ್ಟುತ್ತಿದ್ದಾಗ ಮೈದಾನವೆಲ್ಲ ಸುಮ್ಮನಾಗಿತ್ತು. ಆಗ ವೇದಿಕೆಯ ಬುಡದಿಂದ ಒಂದು ಕೂಗು: "ಮೊದಲನೇ ಹಾಡು ಹಾಡಪ್ಪಾ!" ಇಪ್ಪತ್ತು ವರ್ಷದಿಂದ ಅವನು ಮುಟ್ಟದೆ ಬಿಟ್ಟಿದ್ದ ಹಾಡು. ಗೊಗ್ಗರ ತಲೆಯೆತ್ತಿ ನಕ್ಕ. "ಮರೆತೇಹೋಗಿದೆ, ತಪ್ಪಿದ್ರೆ ನೀನೇ ಹೇಳ್ಕೊಡು," ಎಂದವನು ಹಾಡಿಯೇಬಿಟ್ಟ. ಆಮೇಲೆ ಎಂದೂ ಅದನ್ನು ಹಾಡಲಿಲ್ಲ.

ಕೂಗಿದವನು ನಾನು. ಗಂಟಲು ಉರಿದದ್ದು ಈಗಲೂ ನೆನಪಿದೆ. ಅಣ್ಣನ ಪ್ರಕಾರ ಕೂಗಿದವನು ಅವನು. ಅವನಿಗೂ ಗಂಟಲು ಉರಿದದ್ದು ನೆನಪಿದೆಯಂತೆ.

ಆ ಸಂಜೆಯದು ಅಂತ ಬಳಗದಲ್ಲಿ ಓಡಾಡುತ್ತಿದ್ದದ್ದು ಒಂದೇ ಕ್ಯಾಸೆಟ್ಟು, ಕೊನೆಯ ಸಾಲಿನಲ್ಲಿ ಯಾರೋ ಜೇಬಿನೊಳಗಿಟ್ಟು ಮಾಡಿದ್ದು. ಅದರಲ್ಲಿ ಗೊಗ್ಗರನ ಉತ್ತರ ಕೇಳುತ್ತದೆ, ಕೂಗು ಕೇಳುವುದಿಲ್ಲ. ಹಾಗಾಗಿ ನಮ್ಮ ಜಗಳ ಬಹಳ ವರ್ಷ ತಮಾಷೆಯಲ್ಲೇ ಸಾಗಿತು. ಹನ್ನೊಂದು ವರ್ಷದ ಹಿಂದೆ ಬಳಗದ ಕೂಟದಲ್ಲಿ ಅಣ್ಣನನ್ನು ವೇದಿಕೆಗೆ ಕರೆದು, "ಗೊಗ್ಗರನನ್ನು ಹಾಡಿಸಿದವರು" ಎಂದು ಕೆತ್ತಿಸಿದ ಮರದ ಫಲಕ ಕೊಟ್ಟರು. ಅವನು ತೆಗೆದುಕೊಂಡ! ನಾನು ಎದ್ದು ನಿಂತು, ಎಂಬತ್ತು ಜನರೆದುರು, ಅತ್ತಿಗೆಯ ಎದುರು, ಅವನನ್ನು ಸುಳ್ಳ ಎಂದೆ, ನಾನು ಹೇಳುವುದೇ ನಿಜ ಎಂದು ಅವನ ಮೇಲೆ ಆಣೆಯನ್ನೂ ಇಟ್ಟೆ. ಅವನು ಮೈಕಿನಲ್ಲೇ, "ಇವನಿಗೆ ಚಿಕ್ಕಂದಿನಿಂದಲೂ ಹೀಗೇ, ನಂದೆಲ್ಲ ಇವನದಾಗಬೇಕು," ಎಂದ. ಅಲ್ಲಿಗೆ ಮಾತು ನಿಂತಿತು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವನು ಮನೆಗೆ ಒಬ್ಬನಿದ್ದರೆ ಹೇಗೋ ಸಂಭಾಳಿಸಬಹುದು, ನಮ್ಮಲ್ಲಿ ಇಬ್ಬರು. ಅವನ ಹೆಸರೆತ್ತಕೂಡದು ಎಂದು ಹೆಂಡತಿಗೂ ಕಟ್ಟಪ್ಪಣೆ ಮಾಡಿದ್ದೆ.

ಈಗ ಗೊಗ್ಗರನ ಹದಿನಾಲ್ಕು ಸಂಜೆಗಳ ಈ ಪೆಟ್ಟಿಗೆ. ವೇದಿಕೆಯ ಬುಡದಲ್ಲಿ ಜನರ ಕಡೆ ತಿರುಗಿಸಿಟ್ಟಿದ್ದ ಮೈಕುಗಳ ರೆಕಾರ್ಡಿಂಗು ಸಿಕ್ಕಿದೆ, ಒಂದು ಕೆಮ್ಮೂ ಬಿಡದೆ ಹಾಕಿದ್ದೇವೆ ಎಂದು ಅದನ್ನು ಹೊರತಂದ ಕಂಪನಿಯವರು ಪ್ರಕಟಣೆಯಲ್ಲಿ ಬರೆದಿದ್ದರು. ಅಂದರೆ ಕೂಗೂ ಇರುತ್ತದೆ. ಯಾರು ಸುಳ್ಳ ಎಂದು ಕೊನೆಗೂ ಗೊತ್ತಾಗುತ್ತದೆ.

ಕಂಪನಿಗೆ ಫೋನ್ ಮಾಡಿದೆ. ಅರ್ಧ ಗಂಟೆ ಗೊಗ್ಗರನದೇ ಹಾಡು ಕೇಳಿಸಿದ ಮೇಲೆ ಒಬ್ಬಳು ಮಾತಾಡಿದಳು.

"ಒಟ್ಟು ಎಷ್ಟು ಡಿಸ್ಕ್ ಇದೆ ಸರ್?"

"ಹದಿನಾಲ್ಕು."

"ಹದಿನಾಲ್ಕೇ ಇರಬೇಕಾದ್ದು ಸರ್. ಸರಿಯಾಗಿದೆಯಲ್ಲ?"

ನಾನು ಹಲ್ಲು ಕಡಿದೆ. ನನ್ನ ಕಸುಬಿನವನು ಮಾಡಬಾರದ ಕೆಲಸ ಅದು. ಐದು ಫೋನು, ಮೂರು ಪತ್ರ ಆದ ಮೇಲೆ, ಒಂಬತ್ತನೆಯ ವಾರ ಒಂದು ಲಕೋಟೆ ಬಂತು. ಒಳಗೆ ಇನ್ನೊಂದು ಏಳನೆಯ ಡಿಸ್ಕು! ಎಂಟು ದಾಸ್ತಾನಿನಲ್ಲಿ ಇಲ್ಲ, ಅನಾನುಕೂಲಕ್ಕಾಗಿ ವಿಷಾದಿಸುತ್ತೇವೆ ಎಂದು ಚೀಟಿ ಬೇರೆ. ಎಂಟು ಇಲ್ಲ ಅಂತ ಏಳು ಕಳಿಸಿದ ಆ ಮಹಾನುಭಾವ ಸಿಕ್ಕಿದ್ದರೆ ಅವನ ಬಾಯಿಯ ಅಳತೆ ಪುಕ್ಕಟೆ ತೆಗೆದುಕೊಳ್ಳುತ್ತಿದ್ದೆ. ಅವತ್ತು ಕೆಲಸದಲ್ಲಿ ಯಾರದೋ ಮೇಲಿನ ದವಡೆಗೆ ಕೆಳಗಿನ ಹಲ್ಲು ಕೂರಿಸಿಟ್ಟು ಬಂದೆ.

ಮರುದಿನ ಬಳಗದ ಕಾರ್ಯದರ್ಶಿ ಫೋನ್ ಮಾಡಿದರು. ನಿವೃತ್ತ ಪೋಸ್ಟ್ ಮಾಸ್ಟರು, ಯಾವ ವಸ್ತು ಯಾರಿಗೆ ತಲುಪಿಲ್ಲ ಎನ್ನುವುದು ಅವರಿಗೆ ಈಗಲೂ ಬೇಕು.

"ಊರಲ್ಲೇ ಒಬ್ಬರ ಹತ್ರ ಎಂಟು ಎರಡಿದೆ, ಏಳು ಇಲ್ಲ. ಒಂದೇ ಅಂಗಡಿಗೆ ಬಂದ ಎರಡು ಪೆಟ್ಟಿಗೆ, ತುಂಬುವಾಗ ಅದಲುಬದಲಾಗಿದೆ. ಬದಲಾಯಿಸ್ಕೊಂಡ್ರೆ ಇಬ್ಬರದೂ ಸರಿಹೋಗುತ್ತೆ."

"ಯಾರು ಅವರು?"

ಅವರು ಕೆಮ್ಮಿದರು. "ನಿಮ್ಮಣ್ಣ. ಅವರೇ ಕೇಳಿದ್ದು."

"ಅಂಚೇಲಿ ಕಳಿಸೋಕೆ ಹೇಳಿ."

"ಅದು ನಿಯಮಕ್ಕೆ ವಿರುದ್ಧ. ನಿಯಮ ಮಾಡಿಸಿದ್ದು ನೀವೇ ಅಲ್ವಾ?"

ಹೌದು, ನಾನೇ. ಹಿಂದೊಮ್ಮೆ ಒಬ್ಬ ಗೀರುಬಿದ್ದ ಡಿಸ್ಕು ಕಳಿಸಿ ನನಗೆ ಟೋಪಿ ಹಾಕಿದ್ದ. ಅಂದಿನಿಂದ, ಬದಲಾಯಿಸಿಕೊಳ್ಳುವ ಇಬ್ಬರೂ ಒಂದೇ ಕೋಣೆಯಲ್ಲಿ ಕೂತು, ಎರಡು ಡಿಸ್ಕನ್ನೂ ಮೊದಲಿಂದ ಕೊನೆಯವರೆಗೆ ಕೇಳಿ, ಸಹಿ ಹಾಕಿ ಕೈಗೆ ಕೈ ಕೊಡಬೇಕು. ಕೂಟದಲ್ಲಿ ಗಂಟಲು ಹರಿದುಕೊಂಡು ಒಪ್ಪಿಸಿದ್ದೆ. ಮಾಡಿದ್ದುಣ್ಣೋ ಮಹರಾಯ.

ಭಾನುವಾರ ಬೆಳಿಗ್ಗೆ ಅಣ್ಣನ ಮನೆಗೆ ಹೆಂಡತಿಯೊಂದಿಗೆ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಒಂದೇ ಯೋಚನೆ. ಎರಡು ಎಂಟು ಇಟ್ಟುಕೊಂಡವನು ಕೇಳದೆ ಬಿಟ್ಟಾನೆಯೇ? ಕೇಳಿದ್ದಾನೆ. ಗೆದ್ದಿದ್ದಾನೆ. ಮೀಸೆ ತಿರುವುವುದನ್ನು ಎದುರಿಗೆ ಕೂತು ನೋಡಲಿ ಎಂದೇ ನನ್ನನ್ನು ಕರೆಸಿದ್ದಾನೆ. ಸೋತಿದ್ದರೆ ಎರಡನ್ನೂ ಮೋರಿಗೆ ಎಸೆದು ಸುಮ್ಮನಿರುತ್ತಿದ್ದ. ನಾನಾಗಿದ್ದರೆ ಹಾಗೇ ಮಾಡುತ್ತಿದ್ದೆ.

ಬಾಗಿಲು ತೆಗೆದದ್ದು ಅತ್ತಿಗೆ. "ಬಂದ್ಯಾ, ಕೂತ್ಕೋ," ಎಂದರು, ಮೊನ್ನೆಯಷ್ಟೇ ಬಂದುಹೋದವನಿಗೆ ಹೇಳುವ ಹಾಗೆ. ನನ್ನ ಹೆಂಡತಿ ಸೀದಾ ಅಡುಗೆಮನೆಗೆ ಹೋಗಿ, ಹುಡುಕದೆ, ಲೋಟವಿದ್ದ ಕಪಾಟನ್ನೇ ತೆಗೆದಳು. ಇವಳು ಈ ಮನೆಗೆ ಬರುತ್ತಲೇ ಇದ್ದಾಳೆ ಎಂದು ಆಗ ಹೊಳೆಯಿತು.

ಅಣ್ಣ ಲಿಫ್ಟ್ ರಿಪೇರಿಯವನು. ಮೂವತ್ತು ವರ್ಷ ಮೋಟಾರುಗಳ ಪಕ್ಕದಲ್ಲೇ ಕಳೆದವನು. ಅವನು ಸ್ಪೀಕರಿಗೆ ಓರೆಯಾಗಿ, ಎಡಗಿವಿ ಮುಂದೆ ಮಾಡಿ ಕೂತಿದ್ದ. ಬಲಗಿವಿಯಲ್ಲಿ ಒಂದು ಸಣ್ಣ ಯಂತ್ರವಿತ್ತು.

"ಅವನ ಕಿವಿಗೇನಾಯ್ತು?" ಎಂದು ಹೆಂಡತಿಯನ್ನು ಮೆಲ್ಲಗೆ ಕೇಳಿದೆ.

"ಬಲಗಡೇದು ಹೋಗಿ ನಾಲ್ಕು ವರ್ಷ ಆಯ್ತು. ಎಡಗಡೇದೂ ಅಷ್ಟಕ್ಕಷ್ಟೆ."

"ನಂಗ್ಯಾಕೆ ಹೇಳ್ಲಿಲ್ಲ?"

"ಹೆಸರೆತ್ತಬೇಡ ಅಂದಿದ್ದು ಯಾರು?"

ನನಗೆ ನಾಚಿಕೆಯಾಯಿತು. ಬಸ್ಸಿನಲ್ಲಿ ಹೊಸೆದುಕೊಂಡು ಬಂದಿದ್ದ ಚುಚ್ಚುಮಾತುಗಳನ್ನೆಲ್ಲ ನುಂಗಿಕೊಂಡು ಕುರ್ಚಿ ಎಳೆದು ಕೂತೆ. ಮೇಜಿನ ಮೇಲೆ ಎಂಟನೆಯ ಡಿಸ್ಕಿತ್ತು. ಅದರ ಪಕ್ಕದಲ್ಲಿ ಆ ಮರದ ಫಲಕ. ಗೋಡೆಯಿಂದ ಈಗಷ್ಟೇ ಇಳಿಸಿದ್ದು, ಅದಿದ್ದ ಜಾಗದಲ್ಲಿ ಸುಣ್ಣ ಬೆಳ್ಳಗಿತ್ತು.

ಮೊದಲು ನಾನು ತಂದ ಏಳು. ಎಪ್ಪತ್ತು ನಿಮಿಷ ಪೂರ್ತಿ ಕೇಳಿದೆವು. ಸಹಿ ಹಾಕಿದೆವು. ಆಮೇಲೆ ಎಂಟು. ನಾಲ್ಕನೆಯ ಹಾಡಿನ ಕೊನೆಯಲ್ಲಿ ತಂತಿ ಕಡಿಯಿತು. ಮೈದಾನ ಸುಮ್ಮನಾಯಿತು. ಯಾರೋ ಕೆಮ್ಮಿದರು. ಆಮೇಲೆ ಆ ಕೂಗು, ಕೋಣೆಯಲ್ಲೇ ಕೂಗಿದಷ್ಟು ಸ್ಪಷ್ಟವಾಗಿ.

ಅದು ಅಣ್ಣನ ದನಿ. ಚಿಕ್ಕಂದಿನಲ್ಲಿ ಬೀದಿಯ ಆ ತುದಿಯಿಂದ ನನ್ನನ್ನು ಊಟಕ್ಕೆ ಕರೆಯುವಾಗ ಕೊನೆಯ ಅಕ್ಷರವನ್ನು ಮೇಲಕ್ಕೆಳೆಯುತ್ತಿದ್ದ, ಅದೇ ಎಳೆತ. ಅನುಮಾನಕ್ಕೆ ಎಡೆಯೇ ಇರಲಿಲ್ಲ.

ಅಣ್ಣ ಗುಂಡಿ ಒತ್ತಿ ಹಾಡು ನಿಲ್ಲಿಸಿದ.

"ನೀನೇ ಕಣೋ," ಎಂದ. "ಎರಡು ತಿಂಗಳಿಂದ ಕೇಳ್ತಿದ್ದೀನಿ. ನಿನ್ನ ದನಿ ನಂಗೆ ಗೊತ್ತಾಗಲ್ವಾ? ಅಷ್ಟು ಜನರ ಮುಂದೆ ನಿನ್ನನ್ನ ಹಾಗಂದೆ. ಹೊಟ್ಟೆಗೆ ಹಾಕ್ಕೋ." ಫಲಕವನ್ನು ನನ್ನ ಕಡೆ ಸರಿಸಿದ.

ಈ ಮಾತು ಕೇಳಬೇಕೆಂದು ಹನ್ನೊಂದು ವರ್ಷ ಕಾದಿದ್ದೆ. ಹೂಂ ಎಂದಿದ್ದರೆ ಸಾಕಿತ್ತು. ಗೆಲುವು ನನ್ನದು, ಅದೂ ಅವನ ಬಾಯಿಂದಲೇ. ಆ ಹೂಂ ನನ್ನ ನಾಲಗೆಯ ತುದಿಗೂ ಬಂತು. ಅವನು ಎಡಗಿವಿಯನ್ನು ನನ್ನತ್ತ ತಿರುಗಿಸಿ ಕಾಯುತ್ತಿದ್ದ.

"ಅಣ್ಣ, ಅದು ನೀನು," ಎಂದೆ.

"ಏನು?"

"ಕೂಗಿದ್ದು ನೀನು. ತಪ್ಪು ನಂದೇ."

ಅವನ ಮುಖ ಬಿಗಿಯಿತು. "ಕಿವಿ ಹೋಗಿದೆ ಅಂತ ಕನಿಕರನಾ?"

"ಕನಿಕರ ಎಲ್ಲಿಂದ ಬಂತು? ಮತ್ತೆ ಹಾಕು."

ಮತ್ತೆ ಹಾಕಿದ. ಆರು ಸಲ ಹಾಕಿದ. ಆರು ಸಲವೂ ಅವನಿಗೆ ಅದು ನಾನು, ಆರು ಸಲವೂ ನನಗೆ ಅದು ಅವನು. ಅಡುಗೆಮನೆಯಿಂದ ಇಬ್ಬರು ಹೆಂಗಸರನ್ನೂ ಕರೆದು ಕೇಳಿಸಿದೆವು.

"ನಿಮ್ಮಿಬ್ಬರ ದನೀಲಿ ವ್ಯತ್ಯಾಸ ಇದೆ ಅಂತ ನಿಮಗೆ ಹೇಳಿದ್ದು ಯಾರು?" ಎಂದರು ಅತ್ತಿಗೆ. ನನ್ನ ಹೆಂಡತಿ ಹಣೆ ಚಚ್ಚಿಕೊಂಡು ಒಳಗೆ ಹೋದಳು.

ಅಣ್ಣ ಫಲಕವನ್ನು ನನ್ನ ಚೀಲಕ್ಕೆ ತುರುಕಿದ. ನಾನು ತೆಗೆದು ಮೇಜಿನ ಮೇಲಿಟ್ಟೆ. ಅವನು ಮತ್ತೆ ತುರುಕಿದ. "ಸುಳ್ಳು ಹೇಳಿ ನನ್ನನ್ನ ಸಮಾಧಾನ ಮಾಡೋದು ಬೇಡ," ಎಂದ.

ಜೀವಮಾನದಲ್ಲಿ ಒಂದು ಸಲ ಅವನಿಗೆ ಸೋಲೋಣವೆಂದರೆ ಅದಕ್ಕೂ ಬಿಡುತ್ತಿಲ್ಲವಲ್ಲ ಈ ಮನುಷ್ಯ! ನನಗೆ ಸಿಟ್ಟೂ ಅಳುವೂ ಒಟ್ಟಿಗೆ ಬಂದವು.

"ನಿನ್ನಾಣೆ ಅಣ್ಣ, ನಾನು ನಿಜಾನೇ ಹೇಳ್ತಿರೋದು!" ಎಂದು ಕೂಗಿದೆ.

"ಅವತ್ತು ಕೂಟದಲ್ಲೂ ಹೀಗೇ ಅಂದಿದ್ದೆ," ಎಂದ ಅಣ್ಣ.